ಹುಂಡಿಯ ಹಣಕ್ಕೆ ಪಕ್ಷವಿಲ್ಲ

ವಿಜಯಪುರ ಜಿಲ್ಲೆಯ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ. ಚುನಾವಣೆ ಘೋಷಣೆಯಾಯಿತೆಂದರೆ ಈ ಸೀಮೆಯಲ್ಲಿ ಅಭ್ಯರ್ಥಿ ಮೊದಲ ಕಾಯಿ ಒಡೆಯುವುದು ಗುಡಿಯಲ್ಲಿ, ಮೊದಲು ಪಾದಕ್ಕೆರಗುವುದು ಮಠದಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ, ಅಭ್ಯರ್ಥಿಯೂ ಭಕ್ತನೇ. ಆದರೆ ಜಾತ್ರೆಯ ವೇದಿಕೆ, ದಾಸೋಹದ ಅನ್ನ, ಮಠದ ಗಾಡಿ, ಹುಂಡಿಯ ರೊಕ್ಕ ಒಬ್ಬನ ಗೆಲುವಿಗಾಗಿ ಬಳಕೆಯಾದರೆ ಅದು ಭಕ್ತಿಯ ಮಾತಾಗಿ ಉಳಿಯುವುದಿಲ್ಲ, ಲೆಕ್ಕದ ಮಾತಾಗುತ್ತದೆ.

ಲೆಕ್ಕ ಏಕೆಂದರೆ, ಆ ಹಣಕ್ಕೆ ಸರ್ಕಾರ ತೆರಿಗೆ ಕೇಳಿಲ್ಲ.

ನೋಂದಾಯಿತ ಧಾರ್ಮಿಕ ಮತ್ತು ದತ್ತಿ ಟ್ರಸ್ಟ್‌ಗಳಿಗೆ 1961ರ ಆದಾಯ ತೆರಿಗೆ ಕಾಯ್ದೆ ವಿನಾಯಿತಿ ಕೊಟ್ಟಿತು. 2025ರ ಹೊಸ ಕಾಯ್ದೆಯಲ್ಲೂ ಅದು ಮುಂದುವರಿದಿದೆ. ಆದಾಯದ ಶೇ 85ರಷ್ಟನ್ನು ಟ್ರಸ್ಟ್‌ನ ಉದ್ದೇಶಕ್ಕೇ ವೆಚ್ಚ ಮಾಡಬೇಕು ಎಂಬುದು ಮುಖ್ಯ ಷರತ್ತು. ಹುಂಡಿಗೆ ಇನ್ನೊಂದು ವಿಶೇಷ ರಿಯಾಯಿತಿ ಇದೆ. ದತ್ತಿ ಸಂಸ್ಥೆಯೊಂದು ಹೆಸರಿಲ್ಲದ ದಾನ ಪಡೆದರೆ, ನಿಗದಿತ ಮಿತಿಯಾಚೆಗಿನ ಮೊತ್ತಕ್ಕೆ ಶೇ 30ರ ತೆರಿಗೆ ಬೀಳುತ್ತದೆ. ಸಂಪೂರ್ಣ ಧಾರ್ಮಿಕ ಸಂಸ್ಥೆಗೆ ಈ ನಿಯಮ ಅನ್ವಯಿಸುವುದಿಲ್ಲ. ಹುಂಡಿಗೆ ನೋಟು ಹಾಕುವವರು ರಸೀದಿ ಬರೆಸುವುದಿಲ್ಲ ಎಂಬುದನ್ನು ಕಾನೂನು ಅರಿತಿದೆ. ನಂಬಿಕೆಗೆ ನಾಡು ತೋರಿದ ಈ ಗೌರವದ ಭಾರವನ್ನು ಹೊರುವವರು ಉಳಿದ ತೆರಿಗೆದಾರರು. ಅವರಲ್ಲಿ ಎಲ್ಲ ಪಕ್ಷಗಳ ಮತದಾರರೂ ಇದ್ದಾರೆ. ಉದ್ದೇಶದಾಚೆಗೆ ಹಣ ಹರಿದರೆ ನೋಂದಣಿ ರದ್ದುಪಡಿಸುವ ಅಧಿಕಾರ ಇಲಾಖೆಗೆ ಇದೆ.

ಇದಕ್ಕಿಂತ ನೇರವಾದ ಕಾನೂನು ಇನ್ನೊಂದಿದೆ. ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆಯನ್ನು ಸಂಸತ್ತು 1988ರಲ್ಲಿ ಅಂಗೀಕರಿಸಿತು. ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ 'ಬ್ಲ್ಯಾಕ್ ಥಂಡರ್' ಕಾರ್ಯಾಚರಣೆಯ ಬೆನ್ನಲ್ಲೇ ಬಂದ ಕಾಯ್ದೆಯಾದರೂ ಅದು ಗುಡಿ, ಮಠ, ಮಸೀದಿ, ಚರ್ಚು, ಗುರುದ್ವಾರ ಎಲ್ಲಕ್ಕೂ ಅನ್ವಯಿಸುತ್ತದೆ. ಧಾರ್ಮಿಕ ಸಂಸ್ಥೆಯ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಅದರ ಹಣ, ಆಸ್ತಿ ಯಾವ ಪಕ್ಷದ ಲಾಭಕ್ಕೂ ಹೋಗುವಂತಿಲ್ಲ. ಅದು ನಡೆಸುವ ಜಾತ್ರೆ, ಮೆರವಣಿಗೆ, ಸಭೆಗಳೂ ಪ್ರಚಾರದ ವೇದಿಕೆಯಾಗುವಂತಿಲ್ಲ. ತಪ್ಪಿದರೆ ಐದು ವರ್ಷಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಇಷ್ಟು ಸ್ಪಷ್ಟವಾದ ಕಾಯ್ದೆ ಇದೆ ಎಂಬುದೇ ಹಳ್ಳಿಯ ಹೆಚ್ಚಿನ ಟ್ರಸ್ಟಿಗಳ ಕಿವಿಗೆ ಬಿದ್ದಿಲ್ಲ.

ಹಾಗಾದರೆ ಸ್ವಾಮೀಜಿ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ.

ಆಗ ಪಂಜಾಬಿನಲ್ಲಿದ್ದ ಸಿರ್ಸಾ ಕ್ಷೇತ್ರದ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ. ರಾಮ್ ದಯಾಳ್ ಎಂಬ ಅಭ್ಯರ್ಥಿಗೆ ಮತ ಹಾಕಬೇಕೆಂದು ನಾಮಧಾರಿ ಸಿಖ್ಖರ ಗುರು ಫರ್ಮಾನು ಹೊರಡಿಸಿದ್ದರು. ಅವರ ಗೆಲುವು ಅಸಿಂಧುವೆಂಬ ತೀರ್ಪನ್ನು ಸುಪ್ರೀಂ ಕೋರ್ಟ್ 1959ರಲ್ಲಿ ಎತ್ತಿಹಿಡಿಯಿತು. ಧರ್ಮಗುರು ಅಭ್ಯರ್ಥಿಗಳ ಯೋಗ್ಯತೆಯ ಬಗ್ಗೆ ಮಾತನಾಡಬಹುದು, ಒಬ್ಬರ ಪರ ಮತ ಯಾಚಿಸಲೂಬಹುದು. ಆದರೆ ಅನುಯಾಯಿಗೆ ಬೇರೆ ದಾರಿಯೇ ಇಲ್ಲವೆನ್ನುವಂತೆ ಅಪ್ಪಣೆ ಕೊಡುವುದು ಅಕ್ರಮ ಎಂದಿತು. ಮತ ಹಾಕದಿದ್ದರೆ ದೈವಕೋಪಕ್ಕೆ ತುತ್ತಾಗುತ್ತೀರಿ ಎಂದು ಹೆದರಿಸುವುದು ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟಾಚರಣೆ. 'ಅಜ್ಜಾರು ಹೇಳ್ಯಾರ' ಎಂಬ ಒಂದು ಮಾತಿಗೆ ನಮ್ಮ ಹಳ್ಳಿಗಳಲ್ಲಿ ಎಷ್ಟು ತೂಕವಿದೆ ಎಂದು ಬಲ್ಲವರಿಗೆ ಈ ತೀರ್ಪಿನ ಬೆಲೆ ಗೊತ್ತಾಗುತ್ತದೆ.

ಸ್ವಾಮೀಜಿಯೇ ಚುನಾವಣೆಗೆ ನಿಲ್ಲುವುದಕ್ಕೂ ಅಡ್ಡಿಯಿಲ್ಲ. ಇಂಡಿಯ ಪಕ್ಕದ ಸೊಲ್ಲಾಪುರದಲ್ಲಿ 2019ರಲ್ಲಿ ಜಯಸಿದ್ಧೇಶ್ವರ ಶಿವಾಚಾರ್ಯ ಸ್ವಾಮೀಜಿ ಬಿಜೆಪಿಯಿಂದ ನಿಂತು, ಸುಶೀಲ್ ಕುಮಾರ್ ಶಿಂಧೆ ಅವರನ್ನು ಸೋಲಿಸಿ ಲೋಕಸಭೆಗೆ ಹೋದರು. ಶಿರಹಟ್ಟಿಯ ದಿಂಗಾಲೇಶ್ವರ ಸ್ವಾಮೀಜಿ 2024ರಲ್ಲಿ ಧಾರವಾಡದಿಂದ ಪಕ್ಷೇತರರಾಗಿ ನಾಮಪತ್ರ ಸಲ್ಲಿಸಿ ಹಿಂತೆಗೆದುಕೊಂಡರು. ಕಾವಿ ಧರಿಸಿದವರೂ ಈ ದೇಶದ ಪ್ರಜೆಗಳೇ. ಆದರೆ ಪ್ರಜೆಯ ಹಕ್ಕು ಅವರ ಸ್ವಂತದ್ದು, ಮಠದ ಆಸ್ತಿ ಭಕ್ತರದ್ದು. ಎರಡರ ನಡುವಿನ ಗೆರೆ ಅಳಿಸಬಾರದು.

ಗೆರೆ ಅಳಿಸುವುದರಲ್ಲಿ ಸರ್ಕಾರಗಳ ಪಾಲೂ ಇದೆ. 2008ರ ನಂತರ ಬಿ.ಎಸ್. ಯಡಿಯೂರಪ್ಪ ಸರ್ಕಾರ ಬಜೆಟ್‌ನಲ್ಲೇ ಮಠಗಳಿಗೆ ಕೋಟಿಗಟ್ಟಲೆ ಅನುದಾನ ಕೊಡತೊಡಗಿತು. 2022ರಲ್ಲಿ ಇದೇ ದಿಂಗಾಲೇಶ್ವರರು, ಮಠದ ಅನುದಾನ ಬಿಡುಗಡೆಗೂ ಶೇ 30ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ಬಹಿರಂಗವಾಗಿ ಆರೋಪಿಸಿದರು. ವಿಧಾನಸೌಧದ ಕಡತಕ್ಕಾಗಿ ಕಾಯುವ ಮಠಕ್ಕೆ ಅಧಿಕಾರಸ್ಥರನ್ನು ನಿರ್ಭಯವಾಗಿ ತಿದ್ದುವ ಬಲ ಎಲ್ಲಿಂದ ಬಂದೀತು?

ಅಮೆರಿಕದಲ್ಲಿ ಈ ಗೆರೆಯನ್ನು ತೆರಿಗೆ ಕಾನೂನಿನಲ್ಲೇ ಎಳೆಯಲಾಗಿದೆ. ಲಿಂಡನ್ ಜಾನ್ಸನ್ ಸೆನೆಟರ್ ಆಗಿದ್ದಾಗ 1954ರಲ್ಲಿ ತಂದ ತಿದ್ದುಪಡಿಯಂತೆ, ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಅಭ್ಯರ್ಥಿಯ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಪ್ರಚಾರ ಮಾಡುವಂತಿಲ್ಲ. 1992ರಲ್ಲಿ ಬಿಲ್ ಕ್ಲಿಂಟನ್ ವಿರುದ್ಧ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ ನ್ಯೂಯಾರ್ಕ್ ರಾಜ್ಯದ ಚರ್ಚೊಂದು ವಿನಾಯಿತಿಯನ್ನೇ ಕಳೆದುಕೊಂಡಿತು. ಆದರೆ 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ ನಿಲುವು ಸಡಿಲಿಸಿ, ಪ್ರಾರ್ಥನೆಯ ವೇಳೆ ಪಾದ್ರಿ ತನ್ನ ಸಭೆಗೆ ಹೇಳುವ ಮಾತು ಪ್ರಚಾರವಲ್ಲ ಎಂದು ನ್ಯಾಯಾಲಯಕ್ಕೆ ತಿಳಿಸಿತು. ಬರೀ ಕಾನೂನನ್ನು ನಂಬಿ ಕೂತರೆ ಅದು ಯಾವಾಗ ಬೇಕಾದರೂ ಸಡಿಲವಾದೀತು.

ಈ ಜಿಲ್ಲೆಯ ಮಠಗಳ ಕೆಲಸ ಸಣ್ಣದಲ್ಲ. ಇಂಡಿ ತಾಲ್ಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಊರೂರು ಸುತ್ತಿ ಬಿಎಲ್‌ಡಿಇ ವಿದ್ಯಾಸಂಸ್ಥೆಗೆ ಬಲ ತುಂಬಿದರು. ಅಂಥ ಕೆಲಸಕ್ಕೆ ಕಾಳುಕಡಿ ಕೊಟ್ಟ ರೈತರು ಯಾವ ಪಕ್ಷದವರು ಎಂದು ಯಾರೂ ಕೇಳಲಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಟ್ಟರು. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದರು. ಅವರ ಪ್ರವಚನದಲ್ಲಿ ಎಲ್ಲ ಪಕ್ಷದ ನಾಯಕರೂ ಜನರೊಂದಿಗೆ ಕೂತು ಕೇಳಿದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಹರಿದುಬಂದ ಜನಸಾಗರಕ್ಕೆ ಯಾವ ಪಕ್ಷದ ಬಣ್ಣವೂ ಇರಲಿಲ್ಲ.

ಬಾಗೇವಾಡಿಯ ಬಸವಣ್ಣ ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದವರು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂಬ ದೂರು ಎದ್ದಾಗ ಪೈಸೆಗೆ ಪೈಸೆ ಲೆಕ್ಕ ಒಪ್ಪಿಸಿದರೆಂಬುದು ಪುರಾಣಗಳು ಹೇಳುವ ಕಥೆ. ಅವರ ಹೆಸರಿನಲ್ಲಿ ನಡೆಯುವ ಸಂಸ್ಥೆಗಳಿಂದ ನಾಡು ಅದನ್ನೇ ಕೇಳುತ್ತಿದೆ. ಪ್ರತಿ ಮಠ, ಗುಡಿ, ದರ್ಗಾ, ಚರ್ಚು ವರ್ಷದ ಜಮಾ-ಖರ್ಚನ್ನು ಬಾಗಿಲಲ್ಲೇ ತೂಗುಹಾಕಲಿ. ನೀತಿಸಂಹಿತೆ ಜಾರಿಯಾದ ದಿನದಿಂದ ತಮ್ಮ ವೇದಿಕೆಯನ್ನು ಯಾವ ಅಭ್ಯರ್ಥಿಗೂ ಕೊಡದಿರಲಿ. ಭಕ್ತರೂ ಸುಮ್ಮನಿರಬಾರದು. ಪ್ರಾರ್ಥನಾ ಸ್ಥಳದಲ್ಲಿ ಪ್ರಚಾರ ಕಂಡರೆ ಚುನಾವಣಾ ಆಯೋಗದ 'ಸಿ-ವಿಜಿಲ್' ಸೌಲಭ್ಯದ ಮೂಲಕ ಫೋಟೊ ಸಮೇತ ದೂರು ಕೊಡಿ. ನಿಮ್ಮ ಕಾಣಿಕೆಯ ಲೆಕ್ಕವನ್ನು ನೀವೇ ಕೇಳಿ.