ಸಕ್ಕರೆ ಮೂಟೆಯ ಲೆಕ್ಕ, ಬಿ.ಎಸ್ಸಿ. ಹುಡುಗನ ಎಂ.ಬಿ.ಎ. ಹಟ

ದಾವಣಗೆರೆ: ಮಂಡಿಪೇಟೆಯಲ್ಲೊಂದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆ ಮುಂದೆ ಅಪ್ಪ, ತಕ್ಕಡಿ ಪಕ್ಕ ಮಗ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಗೊಂಡು ಬಿ.ಎಸ್ಸಿ. ಮುಗಿಸಿರುವ ಮಗ ಈಗ ಎಂ.ಎಸ್ಸಿ. ಬೇಡ, ಎಂ.ಬಿ.ಎ. ಓದ್ತೀನಿ ಅಂತ ಪಟ್ಟು ಹಿಡಿದಿದ್ದಾನೆ. ಅಪ್ಪನದು ಒಂದೇ ಪ್ರಶ್ನೆ: "ವ್ಯಾಪಾರ ಕಲಿಯೋಕೆ 5 ಲಕ್ಷ ಯಾಕ್ ಬೇಕಪ್ಪಾ? ಇಲ್ಲೇ ಕೂತ್ಕೋ, ಪುಕ್ಕಟೆ ಕಲಿಸ್ತೀನಿ!"

ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನುವ ಹಾಗಿಲ್ಲ. ಡಿಗ್ರಿ ಫಲಿತಾಂಶ ಬಂತೆಂದರೆ ಈ ಜಗಳ ಊರಿನ ಎಷ್ಟೋ ಮನೆಗಳಲ್ಲಿ ಇದ್ದದ್ದೇ.

ಮೊದಲು ಬಸ್ಸಿನಲ್ಲಿ ಕೇಳಿಬರುವ ಒಂದು ತಪ್ಪು ಮಾತು ತಿದ್ದೋಣ. ಎಂ.ಬಿ.ಎ. ಏನಿದ್ದರೂ ಬಿ.ಕಾಂ. ಹುಡುಗರಿಗೆ ಅಂತಾರೆ. ಹಾಗೇನಿಲ್ಲ ಸ್ವಾಮಿ. ಯಾವ ಡಿಗ್ರಿಯಾದರೂ ಸರಿ, ನೂರಕ್ಕೆ 50 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ 45 ಸಾಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ.ಯಲ್ಲಿ ಕೇಳುವುದು ಇಂಗ್ಲಿಷ್, ತರ್ಕ, ಲೆಕ್ಕ, ಕಂಪ್ಯೂಟರ್, ಸಾಮಾನ್ಯಜ್ಞಾನ. ಜಮಾಖರ್ಚಿನ ಪೇಪರ್ ಅದರಲ್ಲಿಲ್ಲ. ಲೆಕ್ಕ ಗೊತ್ತಿದ್ದ ಬಿ.ಎಸ್ಸಿ. ಹುಡುಗನಿಗೆ ಇದು ಅನುಕೂಲವೇ.

ಆ ಅಂಗಡಿಯಲ್ಲಿ ಮಗ ಒಂದು ದಿನ ಅಪ್ಪನಿಗೆ ಪಾಠ ಹೇಳಲು ಹೊರಟ. ಎಂ.ಬಿ.ಎ. ಪುಸ್ತಕಗಳಲ್ಲಿ ಒಂದು ಸೂತ್ರವಿದೆ. ಸರಕು ಒಂದು ಸಲಕ್ಕೆ ಎಷ್ಟು ತರಿಸಬೇಕು ಅನ್ನುವುದಕ್ಕೆ. ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ ಕೊಟ್ಟದ್ದು. (ಮೋಟಾರಿನ ಫೋರ್ಡ್ ಬೇರೆ, ಇವರು ಬೇರೆ.) ಹೆಚ್ಚು ತರಿಸಿದರೆ ಬಂಡವಾಳ ಗೋದಾಮಿನಲ್ಲಿ ಕೊಳೆಯುತ್ತೆ, ಕಡಿಮೆ ತರಿಸಿದರೆ ಗಾಡಿ ಬಾಡಿಗೆ ಏರುತ್ತೆ. ನಡುವಿನ ಅಂಕಿ ಯಾವುದು?

ಅಂಗಡಿಗೆ ವರ್ಷಕ್ಕೆ 400 ಮೂಟೆ ಸಕ್ಕರೆ. ಒಂದು ಸಲ ಗಾಡಿ ಬಂದರೆ 400 ರೂಪಾಯಿ. ಒಂದು ಮೂಟೆ ವರ್ಷವಿಡೀ ಇಟ್ಟರೆ ಬಡ್ಡಿ, ಇಲಿ, ಸೋರಿಕೆ ಸೇರಿ 200. ಹುಡುಗ ವರ್ಗಮೂಲ ತೆಗೆದು, "ಅಪ್ಪಾ, ಸಲಕ್ಕೆ 40 ತರಿಸಬೇಕು, ನೀನು 50 ತರಿಸ್ತಿದ್ದೀಯ" ಅಂದ. ಅಪ್ಪ ಸಕ್ಕರೆ ಪೊಟ್ಟಣದ ಕಾಗದದ ಮೇಲೇ ಕೂಡಿಸಿದರು. ನಲವತ್ತಾದರೆ ವರ್ಷದ ಖರ್ಚು 8,000. ಐವತ್ತಾದರೆ 8,200. "ಹೌದಲ್ಲೋ, 200 ರೂಪಾಯಿ ಉಳಿಸೋಕೆ 5 ಲಕ್ಷ ಕೊಡ್ಲಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹುಡುಗ ನಗಲಿಲ್ಲ. "ನೀನು ಇಷ್ಟು ವರ್ಷದಲ್ಲಿ ಕಂಡುಕೊಂಡಿದ್ದು ಒಂದು ಅಂಗಡಿಗೆ, ಒಂದು ಸರಕಿಗೆ. ಸಾವಿರ ಅಂಗಡಿ, ಹತ್ತು ಸಾವಿರ ಸರಕಿನ ಕಂಪನಿಗೆ ಅಂದಾಜು ಹೇಳೋರು ಯಾರು?" ಅಂದ. ಅದಕ್ಕೆ ಅಪ್ಪ ಮಾತಾಡಲಿಲ್ಲ.

ವಿಜ್ಞಾನ ಓದಿ ವ್ಯವಹಾರಕ್ಕೆ ಹೋದವರಿಲ್ಲವೇ? ಇಂದ್ರಾ ನೂಯಿ ಮದ್ರಾಸಿನಲ್ಲಿ ಇದೇ ಭೌತ, ರಸಾಯನ, ಗಣಿತ ಓದಿದವರು. 1976ರಲ್ಲಿ ಕಲ್ಕತ್ತಾ ಐ.ಐ.ಎಂ. ಡಿಪ್ಲೊಮಾ ಪಡೆದು, 2006ರಿಂದ 2018ರವರೆಗೆ ಪೆಪ್ಸಿಕೋ ಕಂಪನಿಯನ್ನೇ ನಡೆಸಿದರು. ಹಾಗಂತ ಎಂ.ಬಿ.ಎ. ಸೇರಿದವರೆಲ್ಲ ನೂಯಿ ಆಗೋಲ್ಲ. ಮೊದಲ ಸೆಮಿಸ್ಟರಿನಲ್ಲೇ ಅಕೌಂಟೆನ್ಸಿ ಎದುರಾಗುತ್ತೆ. ಕ್ಯಾಲ್ಕುಲಸ್ ಅರೆದು ಕುಡಿದವನು ಜಮೆ ಯಾವ ಕಡೆ, ಖರ್ಚು ಯಾವ ಕಡೆ ಅಂತ ಬೆವರು ಒರೆಸಿಕೊಳ್ತಾನೆ.

ನಿಜವಾದ ಅಪಾಯ ಇರುವುದು ದುಡ್ಡಿನಲ್ಲಿ. ರ್‍ಯಾಂಕ್ ಬಾರದವರ ಮನೆಗೆ ಏಜೆಂಟರು ಬರ್ತಾರೆ. ಬೆಂಗಳೂರಿನ ಕಾಲೇಜು, ಆಡಳಿತ ಮಂಡಳಿ ಸೀಟು, ಕೆಲಸ ಗ್ಯಾರಂಟಿ ಅಂತಾರೆ. ಕಾಲೇಜಿಗೆ ಎ.ಐ.ಸಿ.ಟಿ.ಇ. ಮಾನ್ಯತೆ ಇದೆಯೇ, ಹೋದ ವರ್ಷ ಎಷ್ಟು ಜನಕ್ಕೆ ಎಷ್ಟು ಸಂಬಳದ ಕೆಲಸ ಸಿಕ್ಕಿತು, ಬರೆದು ಕೊಡಿ ಅನ್ನಿ. ಆಗ ಮಾತಿನ ವರಸೆಯೇ ಬೇರೆ!

ಬ್ಯಾಂಕ್ ಸಾಲವಿದೆ. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಮಲಗುವುದಿಲ್ಲ. 5 ಲಕ್ಷ ಮೊದಲ ದಿನವೇ ಎತ್ತಿ, ನೂರಕ್ಕೆ 10 ಬಡ್ಡಿ ಹಿಡಿದರೆ, ಮೂರು ವರ್ಷಕ್ಕೆ ಒಂದೂವರೆ ಲಕ್ಷ. ಹುಡುಗ ಮೊದಲ ಸಂಬಳ ಎಣಿಸುವ ಮೊದಲೇ ಸಾಲ ಆರೂವರೆ! ಈ ಲೆಕ್ಕ ವ್ಯಾಪಾರಸ್ಥ ಅಪ್ಪನಿಗೆ ಹೇಳಿಕೊಡಬೇಕಿಲ್ಲ. ನಮ್ಮನ್ನು ಕೇಳಿದರೆ, ಒಂದೆರಡು ವರ್ಷ ಯಾವುದಾದರೂ ಕಾರ್ಖಾನೆಯ ಲ್ಯಾಬಿನಲ್ಲೋ ಔಷಧಿ ಕಂಪನಿಯಲ್ಲೋ ದುಡಿದು, ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡು ಆಮೇಲೆ ಸೇರುವುದು ಲೇಸು. ಇಪ್ಪತ್ತೊಂದರ ಹುಡುಗರು ಇಂಥ ಮಾತು ಕೇಳೋದು ಕಷ್ಟ, ಬಿಡಿ.

ಮೊನ್ನೆ ಸಂಜೆ ಅದೇ ಅಂಗಡಿಗೆ ಹೋಗಿದ್ದೆವು. ರಾಜಿ ಆಗಿದೆ. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆ ರ್‍ಯಾಂಕ್ ಬಂದು ಸರ್ಕಾರಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಒಂದು ವರ್ಷ ತಕ್ಕಡಿ. ಅಲ್ಲಿಯವರೆಗೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಪ್ಪ ಖಾತೆ ಪುಸ್ತಕ ಬಿಚ್ಚಿ ಜಮಾಖರ್ಚು ಹೇಳಿಕೊಡ್ತಾರೆ. ಈ ಸಲ ಸಕ್ಕರೆ ಎಷ್ಟು ತರಿಸಿದಿರಿ ಅಂತ ಕೇಳಿದೆವು.

"ನಲವತ್ತೈದು" ಅಂದರು ಅಪ್ಪ.