ಲೈಸೆನ್ಸ್ ರಿವಾಲ್ವರ್: ಕಡಿಮೆ ದುಡ್ಡಿಗೆ ನೆಚ್ಚಬಹುದಾದದ್ದು ಯಾವುದು?

ಭಾರತದಲ್ಲಿ ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದವರಿಗೆ ಕೈಬಂದೂಕಿನ ಆಯ್ಕೆ ಬಹಳ ಕಿರಿದು. 9 ಎಂಎಂನಂಥ, ಸೇನೆ ಮತ್ತು ಪೊಲೀಸರು ಬಳಸುವ ಬೋರ್‌ಗಳು ಸಾಮಾನ್ಯರಿಗೆ ನಿಷಿದ್ಧ. ಹೆಚ್ಚಿನವರ ಪಾಲಿಗೆ ಉಳಿಯುವುದು .32 ಬೋರ್. 1980ರ ದಶಕದಿಂದ ಆಮದಿಗೆ ಕಡಿವಾಣ ಬಿದ್ದದ್ದರಿಂದ ಹಳೆಯ ವಿದೇಶಿ ಪಿಸ್ತೂಲುಗಳು ಲಕ್ಷಗಟ್ಟಲೆಗೆ ಬಿಕರಿಯಾಗುತ್ತವೆ. ಅದು ವಿರಳತೆಗೆ ತೆರುವ ಬೆಲೆಯೇ ಹೊರತು ಗುಣಕ್ಕಲ್ಲ.

ಕೈಗೆಟಕುವ ಬೆಲೆಯಲ್ಲಿ ಮೊದಲು ನೋಡಬೇಕಾದದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ ಆರು ಗುಂಡಿನ .32 ರಿವಾಲ್ವರ್. ಅದರ ವಿನ್ಯಾಸ ಬ್ರಿಟಿಷರ ಕಾಲದ ವೆಬ್ಲಿ ರಿವಾಲ್ವರ್‌ನದು; ಅಂದಗಾರಿಕೆ ಕಡಿಮೆ, ಗಟ್ಟಿತನ ಸಾಕಷ್ಟು. 2014ರಲ್ಲಿ ಮಹಿಳೆಯರಿಗೆಂದು ಬಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. ಬಿಡುಗಡೆಯಾದಾಗ ಅದರ ಬೆಲೆ 1.22 ಲಕ್ಷ ರೂಪಾಯಿ. ಹಗುರವೆಂಬುದು ಒಯ್ಯುವಾಗಿನ ಸುಖ. ಗುಂಡು ಹಾರಿಸುವಾಗ ಅದೇ ಹಗುರತನ ಒದೆತವನ್ನು ಹೆಚ್ಚಿಸುತ್ತದೆ, ಮೋಟು ನಳಿಕೆಯಲ್ಲಿ ಗುರಿ ಹಿಡಿಯುವುದೂ ಕಷ್ಟ.

ರಿವಾಲ್ವರೋ ಪಿಸ್ತೂಲೋ ಎಂಬ ಪ್ರಶ್ನೆ ಇನ್ನೂ ಮುಖ್ಯ. ಪಿಸ್ತೂಲು ಪ್ರತಿ ಗುಂಡಿನ ಬಲದಿಂದಲೇ ಖಾಲಿ ತೋಟೆಯನ್ನು ಹೊರಗೆಸೆದು ಹೊಸದನ್ನು ಒಳಗೆ ಸೇರಿಸಿಕೊಳ್ಳಬೇಕು. ಮ್ಯಾಗಜಿನ್‌ನ ತುಟಿ ತುಸು ಬಾಗಿದ್ದರೂ, ಸ್ಪ್ರಿಂಗ್ ಸೋತಿದ್ದರೂ ಅದು ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್‌ನಲ್ಲಿ ಒಂದು ಗುಂಡು ಠುಸ್ಸೆಂದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನ ತೋಟೆ ಎದುರಿಗೆ ಬರುತ್ತದೆ. (ಗುರಿ ಅಭ್ಯಾಸದ ಮೈದಾನದಲ್ಲಿ ಮಾತ್ರ ಹಾಗೆ ಅವಸರಪಡಬಾರದು, ತಡವಾಗಿ ಸಿಡಿಯುವ ತೋಟೆಗಳೂ ಉಂಟು.) ಅಪರೂಪಕ್ಕೆ ಬಳಸುವವರಿಗೆ, ಪೆಟ್ಟಿಗೆಯಲ್ಲೇ ಹೆಚ್ಚು ಕಾಲ ಇಡುವವರಿಗೆ ರಿವಾಲ್ವರೇ ಲೇಸು.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ವ್ಯವಹಾರ ಲೈಸೆನ್ಸ್ ಹೊಂದಿದ ಡೀಲರ್ ಮೂಲಕ, ಕಾಗದಪತ್ರ ಸಮೇತ ನಡೆಯಲಿ. ಮೊದಲು ಆಯುಧ ಖಾಲಿಯಿದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಳ್ಳಬೇಕು. ಸುತ್ತಿಗೆ ಪೂರ್ತಿ ಹಿಂದಕ್ಕೆ ಬಂದಾಗ ಗುಂಡಿನ ಉರುಳೆ ಅಲುಗಾಡದೆ ನಿಲ್ಲಬೇಕು. ಪ್ರತಿ ಕುಳಿಯೂ ನಳಿಕೆಗೆ ನೇರವಾಗಿ ಕೂರಬೇಕು. ಬೆಳಕಿಗೆ ಹಿಡಿದಾಗ ನಳಿಕೆಯೊಳಗಿನ ಸುರುಳಿ ಗೀರುಗಳು ಸ್ಪಷ್ಟವಾಗಿ ಕಾಣಬೇಕು. ಮೇಲ್ಮೈಯ ಬಣ್ಣ ಮಾಸಿದ್ದರೆ ಚಿಂತೆಯಿಲ್ಲ. ಒಳಗೆ ತುಕ್ಕು ತಿಂದ ಗುಳಿಗಳಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಇರುವ ಹಣವನ್ನೆಲ್ಲ ಆಯುಧಕ್ಕೇ ಸುರಿಯುವುದು ಸಾಮಾನ್ಯ ತಪ್ಪು. ಒಂದು ಪಾಲನ್ನು ಒಳ್ಳೆಯ ತೋಟೆ, ಅಭ್ಯಾಸ ಮತ್ತು ಬೀಗವಿರುವ ಉಕ್ಕಿನ ಪೆಟ್ಟಿಗೆಗೆ ಎತ್ತಿಡಬೇಕು. ಮಕ್ಕಳಿರುವ ಮನೆಯಲ್ಲಿ ಆ ಪೆಟ್ಟಿಗೆಯೇ ಮೊದಲ ಖರೀದಿಯಾಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ ಭದ್ರ ದಾಸ್ತಾನನ್ನೂ ಕೇಳುತ್ತವೆ.

ಕರ್ನಾಟಕದಲ್ಲಿ ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್‌ಗೆ. ಲೈಸೆನ್ಸ್ ಕೈಗೆ ಬರುವ ಮುನ್ನ ಅಂಗಡಿಗೆ ಮುಂಗಡ ಕೊಡುವ ಆತುರ ಬೇಡ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ ಐದು ವರ್ಷ.