ಹೊಟ್ಟೆ ತುಂಬ ಮಾಟುಂಗ

ಮುಂಬೈಗೆ ಹೋಗಿ ಬಂದವರನ್ನು ಏನು ತಿಂದಿರಿ ಎಂದು ಕೇಳಿದರೆ ವಡಾಪಾವ್, ಪಾವ್‌ಭಾಜಿ, ಚೌಪಾಟಿಯ ಭೇಲ್ ಎನ್ನುತ್ತಾರೆ. ಅಲ್ಲೇ ಹುಟ್ಟಿ ಬೆಳೆದ ಗುಜರಾತಿಯನ್ನೋ ಮರಾಠಿಯನ್ನೋ ಭಾನುವಾರ ಬೆಳಿಗ್ಗೆ ತಿಂಡಿಗೆ ಎಲ್ಲಿಗೆ ಎಂದು ಕೇಳಿ ನೋಡಿ. ಮಾಟುಂಗದ ಹೆಸರು ಬಂದೇ ಬರುತ್ತದೆ. ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್ನಿನಿಂದ ಕಿಂಗ್ಸ್ ಸರ್ಕಲ್ಲಿನವರೆಗಿನ ಜಾಗ ನಡೆದೇ ಮುಗಿಸುವಷ್ಟು ಚಿಕ್ಕದು. ಆದರೆ ನಡೆಯುತ್ತಾ ಹೋದರೆ ಮುಗಿಯುವುದಿಲ್ಲ, ದಾರಿಯುದ್ದಕ್ಕೂ ದಕ್ಷಿಣದ ಹೋಟೆಲುಗಳ ತುಪ್ಪದ ವಾಸನೆ ಅಡ್ಡ ಬರುತ್ತದೆ.

ದಕ್ಷಿಣದವರು ಇಲ್ಲೇ ಬಂದು ನೆಲೆಸಿದ್ದಕ್ಕೆ ಕಾರಣವುಂಟು. 1896ರ ಪ್ಲೇಗು ಹಳೆಯ ಬೊಂಬಾಯಿಯ ಇಕ್ಕಟ್ಟಿನ ಗಲ್ಲಿಗಳನ್ನು ನಡುಗಿಸಿತು. ಎರಡು ವರ್ಷದ ಮೇಲೆ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ಮುಂದೆ ಉತ್ತರದ ದಾದರ್, ಮಾಟುಂಗಗಳಲ್ಲಿ ಅಗಲ ರಸ್ತೆ, ಮರ, ಗಾಳಿ ಬೆಳಕಿನ ಮನೆಗಳ ಬಡಾವಣೆ ಎಬ್ಬಿಸಿತು. ರೈಲ್ವೆ, ಬ್ಯಾಂಕು, ವಿಮಾ ಕಂಪನಿಗಳ ಗುಮಾಸ್ತಿಕೆಗೆಂದು ಮದ್ರಾಸಿನ ಕಡೆಯಿಂದ, ಪಾಲಕ್ಕಾಡಿನಿಂದ ಬಂದವರಿಗೆ ಅದು ಒಗ್ಗಿತು. ನಮ್ಮವರೂ ಬಂದರು, ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು, ಈಗಲೂ ಭಾವು ದಾಜಿ ರಸ್ತೆಯಲ್ಲಿದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತನಿಗೆ ಎರಡು ಹೊತ್ತು ಅನ್ನ ಬೇಕಿತ್ತು. ಹಾಕುವ ಕೈ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬಂತು. ಲೋಟ ತೊಳೆಯಲು ಸೇರಿದ ಹುಡುಗ ಅಡುಗೆಗೆ ಏರಿ, ಗಲ್ಲಾದ ಹಿಂದೆ ಕೂತು, ಕಡೆಗೆ ಸ್ವಂತ ಬೋರ್ಡು ಹಾಕಿದ ಕತೆ ಕರಾವಳಿಯ ಎಷ್ಟೋ ಮನೆಗಳಲ್ಲಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರದ್ದೇ ಒಂದು ದೊಡ್ಡ ತಲೆಮಾರು.

ಬಹಳ ಹಸಿದಿದ್ದರೆ ಮೊದಲು ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ ಹೋಗಿ. 1942ರದು. ಸ್ಟೇಷನ್ನಿನ ಮಗ್ಗುಲಲ್ಲೇ ಇದೆ. ಮೆಟ್ಟಿಲು ಹತ್ತಬೇಕು, ಕೂಪನ್ ಕೊಳ್ಳಬೇಕು, ಕಾಯಬೇಕು. ತಟ್ಟೆಯೋ ಎಲೆಯೋ ಎಂದು ಮೊದಲೇ ಕೇಳುತ್ತಾರೆ. ಎಲೆಗೆ ದುಡ್ಡು ಹೆಚ್ಚು, ಆದರೂ ಎಲೆಯನ್ನೇ ಹೇಳಿ, ಯಾಕೆಂದರೆ ಈ ಜಾಗದ ಜೀವ ಇರುವುದು ಬಡಿಸುವುದರಲ್ಲಿ. ಎಲೆಗೆ ನೀರು ಚಿಮುಕಿಸಿ ಒರೆಸುವಷ್ಟರಲ್ಲಿ ಪಲ್ಯದವನು ಬಂದಿರುತ್ತಾನೆ, ಅವನ ಬೆನ್ನಿಗೇ ಕೋಸಂಬರಿ, ಪೂರಿ. ಅನ್ನದವನು ಗುಡ್ಡೆ ಹಾಕಿ ಮುಂದೆ ಸರಿದ ಮರುಕ್ಷಣ ಸಾರಿನವನು ಸೌಟು ಹಿಡಿದು ನಿಂತಿರುತ್ತಾನೆ. ನೀವು ಬೆರಳಲ್ಲಿ ಗುಂಡಿ ಮಾಡಿಕೊಟ್ಟರೆ ಸರಿ, ಇಲ್ಲವಾದರೆ ಸಾರು ತನ್ನ ದಾರಿ ತಾನೇ ಹುಡುಕುತ್ತದೆ. ಸಾಕು ಎಂದು ಬಾಯಲ್ಲಿ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ. ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು. ಹಾಗೆಂದು ಇದು ಮಠದ ಪಂಕ್ತಿಯಲ್ಲ. ನಿಮ್ಮ ಎದುರು ಕೂತವರು ಅಪರಿಚಿತರು, ಎದ್ದ ಕೂಡಲೇ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ, ಊಟದ ಮೇಲೆ ಹರಟಲು ಎಡೆಯಿಲ್ಲ. ಹರಟೆಗೆ ಕೆಳಗೆ ಫುಟ್‌ಪಾತ್ ಇದೆ.

ತಿಂಡಿಗೆ ರಾಮಾಶ್ರಯ, 1939ರಿಂದ ನಡೆಯುತ್ತಿರುವುದು. ಬೆಳಕು ಹರಿಯುವ ಮೊದಲೇ ಬಾಗಿಲು ತೆಗೆಯುತ್ತದೆ. ಪಾಳಿ ಮುಗಿಸಿದವರು, ಬೆಳಗಿನ ನಡಿಗೆಗೆ ಹೊರಟವರು ಒಂದೇ ಮೇಜಿಗೆ ಸೇರುತ್ತಾರೆ. ಆ ದಿನದ ವಿಶೇಷವನ್ನು ಬೋರ್ಡಿನಲ್ಲಿ ಬರೆದಿರುತ್ತಾರೆ, ಒಳಗೆ ಹೋಗುವ ಮುನ್ನ ಓದಿಕೊಳ್ಳಿ. ಕೂತ ಮೇಲೆ ಯೋಚಿಸುತ್ತ ಕೂತರೆ ಮಾಣಿಯ ಮುಖದಲ್ಲಿ ಉತ್ತರ ಸಿಗುತ್ತದೆ. ಅನಾನಸು ಶೀರಾ ತಪ್ಪಿಸಬೇಡಿ. ನಮ್ಮ ಕೇಸರಿಬಾತಿಗಿಂತ ತುಸು ಮೃದು, ಚಮಚ ಊರಿದರೆ ಬದಿಯಲ್ಲಿ ತುಪ್ಪ ಜಿನುಗುತ್ತದೆ, ನಡುನಡುವೆ ಹಣ್ಣಿನ ಹುಳಿ ಹಲ್ಲಿಗೆ ಸಿಗುತ್ತದೆ.

ಕಿಂಗ್ಸ್ ಸರ್ಕಲ್ ಬಳಿಯ ಕೆಫೆ ಮದ್ರಾಸಿಗೆ ಹೆಸರು ಮದ್ರಾಸಿನದು, ಒಡೆತನ ನಮ್ಮ ಕರಾವಳಿಯ ಕಾಮತರದು. ಶುರುವಾದದ್ದು 1940ರಲ್ಲಿ. ಭಾನುವಾರ ಹೋದರೆ ಬಾಗಿಲಲ್ಲಿ ಹೆಸರು ಬರೆಸಿ ರಸ್ತೆಯಲ್ಲಿ ನಿಲ್ಲಬೇಕು. ಕಾದದ್ದಕ್ಕೆ ಮೋಸವಿಲ್ಲ: ರಸಂ ವಡೆ, ಬೆಣ್ಣೆ ಪುಡಿ ಇಡ್ಲಿ, ರಾಗಿ ದೋಸೆ, ತೆಳ್ಳನೆಯ ನೀರು ದೋಸೆ. ರಸಂ ವಡೆಯೇ ನನಗೆ ಮೇಲು. ವಡೆ ಸಾರು ಹೀರಿಯೂ ಅಂಚಿನಲ್ಲಿ ಗರಿ ಉಳಿಸಿಕೊಂಡಿರುವುದಕ್ಕೆ ಸಮಯದ ಲೆಕ್ಕ ಬೇಕು. ಅದು ಇಲ್ಲಿಯವರಿಗೆ ಗೊತ್ತು. ಬಿಸಿಬೇಳೆಬಾತನ್ನು ಮಾತ್ರ ನಾನು ಬೆಂಗಳೂರಿನಲ್ಲೇ ತಿನ್ನುವವನು.

ಊರಿನ ರುಚಿ ಅರಸಿಕೊಂಡು ಹೋದವರು ಇಲ್ಲಿ ಮುಖ ಸಣ್ಣಗೆ ಮಾಡಿಕೊಳ್ಳುವುದುಂಟು. ಸಾಂಬಾರು ಸಿಹಿಯಾಯಿತು, ಚಟ್ನಿ ನೀರಾಯಿತು, ಇದೆಂಥ ಉಡುಪಿ ಎನ್ನುತ್ತಾರೆ. ಈ ತಕರಾರು ನನಗೆ ಒಪ್ಪಿಗೆಯಿಲ್ಲ. ಮಾಟುಂಗದ ಅಡುಗೆ ಉಡುಪಿಯವರು ಮುಂಬೈಗಾಗಿ ಮಾಡಿದ್ದು. ತಮಿಳರಿಗೆ ಕಾಫಿಯೂ ಸಾರೂ ಸರಿಯಿರಬೇಕು, ಗುಜರಾತಿಗಳಿಗೆ ಬೆಲ್ಲ ನಾಲಗೆಗೆ ಸೋಕಬೇಕು, ಎಲ್ಲರಿಗೂ ಲೋಕಲ್ ಹಿಡಿಯುವ ಆತುರ. ಈ ಮೂರನ್ನೂ ಎಂಟು ದಶಕ ಸಂಭಾಳಿಸಿದ ಕೈಗೆ ಅದರದೇ ಒಂದು ಹದ ಬಂದಿದೆ. ಮುಂಬೈಯ ಮೈಸೂರು ಮಸಾಲೆಯನ್ನೇ ನೋಡಿ. ಕಾವಲಿಯ ಮೇಲೆ ದೋಸೆ ಇರುವಾಗಲೇ ಕೆಂಪು ಚಟ್ನಿ ಬಳಿದು, ಎಷ್ಟೋ ಕಡೆ ತರಕಾರಿಯನ್ನೂ ಬೆಣ್ಣೆಯನ್ನೂ ಸುರಿದು ಅಲ್ಲೇ ಅರೆಯುತ್ತಾರೆ. ಮೈಸೂರಿನವರು ನೋಡಿದರೆ ಊರ ಹೆಸರು ವಾಪಸು ಕೇಳಿಯಾರು. ಆದರೆ ಪಾವ್‌ಭಾಜಿಯ ತವಾದ ಎದುರು ಬೆಳೆದ ಊರಿಗೆ ದೋಸೆ ಹಾಗಲ್ಲದೆ ಇನ್ನು ಹೇಗೆ ಇದ್ದೀತು?

ಹಳಬರೆಲ್ಲ ಅಲ್ಲೇ ಇಲ್ಲ. ರುಯಿಯಾ ಕಾಲೇಜಿನ ಹುಡುಗರಿಗೆ ವಡೆ ಹಾಕಿ ಹೆಸರಾದ ಮಣೀಸ್ ಲಂಚ್ ಹೋಮ್ ಪಕ್ಕದ ಸಾಯನಿಗೆ ಹೋಯಿತು. ಒಳಗಿನ ಮಾತೂ ಬದಲಾಗಿದೆ. ಗಲ್ಲಾದಲ್ಲಿ ತುಳುವೋ ಕೊಂಕಣಿಯೋ ಕಿವಿಗೆ ಬೀಳುತ್ತದೆ, ಮೇಜುಗಳ ನಡುವೆ ಹೆಚ್ಚಾಗಿ ಹಿಂದಿ. ಕರಾವಳಿಯ ಹುಡುಗರಿಗೆ ಈಗ ಬೇರೆ ಕೆಲಸಗಳಿವೆ.

ಕರಾವಳಿಯಿಂದ ಹೋಗುವವರಿಗೆ ಮತ್ಸ್ಯಗಂಧಾ ರೈಲೇ ಅನುಕೂಲ. ಬೆಳಿಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಲ್ಲಿ ಇಳಿಸುತ್ತದೆ, ಅಲ್ಲಿಂದ ಮಾಟುಂಗ ದೂರವಲ್ಲ. ಟ್ಯಾಕ್ಸಿಯವನಿಗೆ ಕಿಂಗ್ಸ್ ಸರ್ಕಲ್ ಎಂದೇ ಹೇಳಿ; ಮಹೇಶ್ವರಿ ಉದ್ಯಾನ ಎಂಬ ಅಧಿಕೃತ ಹೆಸರು ಬಾಯಿಗೆ ಬರುವುದು ಕಡಿಮೆ. ಸಾಧ್ಯವಾದರೆ ವಾರದ ದಿನ ಹೋಗಿ, ಗುಂಪು ಕಟ್ಟಿಕೊಂಡು ಹೋಗಬೇಡಿ, ಇಬ್ಬರಿದ್ದರೆ ಬೇಗ ಜಾಗ ಸಿಗುತ್ತದೆ. ತಿಂಡಿ, ಊಟಗಳ ನಡುವಿನ ಹೊತ್ತಿಗೆ ಹೂವಿನ ಅಂಗಡಿಗಳಿವೆ, ಬಾಳೆಲೆ, ಬಾಳೆದಿಂಡು, ಕೆಸುವಿನೆಲೆ ಮಾರುವವರಿದ್ದಾರೆ. ಹೊರಡುವ ಮೊದಲು ಮೈಸೂರ್ ಕನ್ಸರ್ನ್ಸ್‌ನಲ್ಲಿ ಕಾಫಿಪುಡಿ ಕಟ್ಟಿಸಿಕೊಳ್ಳಿ. ಮುಂಬೈಯಿಂದ ಕಾಫಿಪುಡಿ ತಂದಿರಾ ಎಂದು ಚಿಕ್ಕಮಗಳೂರಿನ ನೆಂಟರು ನಗುತ್ತಾರೆ, ನಗಲಿ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಅವರೂ ಲೋಟ ಹಿಡಿದು ಬರುತ್ತಾರೆ.